ಸಣ್ಣ ವ್ಯಾಪಾರ ಬೆಳೆಸುವವರು ವಾರದ, ತಿಂಗಳ ಲೆಕ್ಕಾಚಾರ ಹೇಗೆ ಮಾಡ್ತೀರಿ? ಅನುಭವ ಹೇಳಿ

ಕೇಳಿದವರು (ಧಾರವಾಡ): ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅಗಸೆ ಹಿಂಡಿ ಮಾಡಿ ಮಾರುತ್ತೇನೆ. ಈಗ ಮೂವರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಇಲ್ಲಿನ ಅಂಗಡಿಗಳಿಗೆ ಕೊಡುತ್ತೇನೆ. ಬೆಂಗಳೂರಿಗೆ, ಪುಣೆಗೆ ಪಾರ್ಸಲ್ ಹೋಗುತ್ತದೆ. ದಿನವಿಡೀ ಕೈತುಂಬ ಕೆಲಸ. ಆದರೆ ತಿಂಗಳ ಕೊನೆಗೆ ಎಷ್ಟು ಉಳಿಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಏನು ಮಾಡಬೇಕು ಅಂತ ಯೋಚಿಸೋಕೂ ಪುರುಸೊತ್ತಿಲ್ಲ. ನೀವು ತಪ್ಪದೆ ಪಾಲಿಸುವ ಅಭ್ಯಾಸ ಯಾವುದು? ದಯವಿಟ್ಟು ಬಿಡಿಸಿ ಹೇಳಿ.

ಮಸಾಲೆ ಪುಡಿ ತಯಾರಿಕೆ, ದಾವಣಗೆರೆ: ಅಕ್ಕ, ವರ್ಷದ ಪ್ಲಾನ್ ಆಮೇಲೆ ನೋಡೋಣ. ಮೊದಲು ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಅದು ಸೋಮವಾರ ಬೆಳಿಗ್ಗೆ, ಗಿರಣಿ ಶುರುವಾಗುವ ಮೊದಲು. ನಾನು, ನನ್ನ ಹೆಂಡತಿ, ಪ್ಯಾಕಿಂಗ್ ನೋಡಿಕೊಳ್ಳುವ ಹುಡುಗಿ ಮೂವರೂ ಕೂರುತ್ತೇವೆ. ಫೋನ್ ಬೇರೆ ಕೋಣೆಯಲ್ಲಿರುತ್ತದೆ.

ಒಂದು ಉದ್ದನೆಯ ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ಹೋದ ವಾರ: ಎಷ್ಟು ಕೆಜಿ ತಯಾರಾಯಿತು, ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು, ಎಷ್ಟು ದುಡ್ಡು ಕೈಗೆ ಬಂತು. ಮಾರಾಟ ಬೇರೆ, ಕೈಗೆ ಬಂದ ದುಡ್ಡು ಬೇರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ. ನಿಮಗೆ ತಿಂಗಳ ಕೊನೆಗೆ ಸಿಗದೆ ಹೋಗುವ ಲೆಕ್ಕ ಬಹುಶಃ ಈ ಎರಡು ಸಾಲುಗಳ ನಡುವೆಯೇ ಇದೆ.

ಬಲಗಡೆ ಈ ವಾರ: ಯಾರಿಗೆ ಎಷ್ಟು ಕಳಿಸಬೇಕು, ಏನೇನು ತರಬೇಕು, ಯಾರ ಹತ್ರ ಬಾಕಿ ಕೇಳಬೇಕು. ಕೊನೆಯ ಸಾಲಿನಲ್ಲಿ ಒಂದೇ ಒಂದು ಹೊಸ ಕೆಲಸ. ಹೊಸ ಅಂಗಡಿಗೆ ಸ್ಯಾಂಪಲ್ ಕೊಡೋದು, 100 ಗ್ರಾಂ ಪ್ಯಾಕೆಟ್ ಮಾಡಿ ನೋಡೋದು, ಹೀಗೆ ಏನಾದರೂ. ಪಕ್ಕದಲ್ಲಿ ಅದನ್ನು ಮಾಡುವವರ ಹೆಸರು ಇರಲೇಬೇಕು. ಮೇಲಿನ ಸಾಲುಗಳೆಲ್ಲ ಇರುವ ವ್ಯಾಪಾರ ನಡೆಸೋಕೆ. ಬೆಳೆಯೋದು ಆ ಕೊನೆಯ ಸಾಲಿನಿಂದ. ಅದನ್ನು ಖಾಲಿ ಬಿಡಬೇಡಿ.

ಇನ್ನು ಮೆಣಸಿನಕಾಯಿ. ಬ್ಯಾಡಗಿ ಮಾರುಕಟ್ಟೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಮಾಲು ರಾಶಿ ರಾಶಿ ಬರುತ್ತದೆ. ಚೆನ್ನಾಗಿ ಒಣಗಿದ, ಬಣ್ಣ ತುಂಬಿದ ಕಾಯಿ ಆರಿಸಿಕೊಳ್ಳೋಕೆ ಅದೇ ಸಮಯ. ಆಗ ಕೈಯಲ್ಲಿ ಕಾಸಿರಬೇಕು, ಅಲ್ವಾ? ಒಂದು ಲೆಕ್ಕ ಹಾಕಿ. ತಿಂಗಳಿಗೆ 20 ಕೆಜಿ ಬೇಕಾದರೆ ವರ್ಷಕ್ಕೆ 240 ಕೆಜಿ. ಕೆಜಿಗೆ 300 ರೂಪಾಯಿ ಅಂತ ಹಿಡಿದರೆ 72 ಸಾವಿರ. ಅಷ್ಟು ದುಡ್ಡು ಒಂದೇ ಸಲ ಹೊಂದಿಸೋಕೆ ಹೋದರೆ ಬಡ್ಡಿ ಸಾಲವೇ ಗತಿ. ಜೂನ್‌ನಿಂದಲೇ ವಾರಕ್ಕೆ 2 ಸಾವಿರ ಬೇರೆ ಖಾತೆಗೆ ಹಾಕುತ್ತಾ ಬಂದರೆ ಸುಮಾರು 36 ವಾರಕ್ಕೆ, ಅಂದರೆ ಫೆಬ್ರವರಿ ಹೊತ್ತಿಗೆ ಸೇರಿರುತ್ತದೆ. ಸೋಮವಾರದ ಪುಟದಲ್ಲಿ ನಮ್ಮ ಮೊದಲ ಸಾಲೇ ಇದು.

ಕೊಂಡ ಕಾಯಿಯನ್ನು ಮನೆಯಲ್ಲಿ ಗೋಣಿಚೀಲದಲ್ಲಿ ಇಟ್ಟರೆ ಮಳೆಗಾಲದಲ್ಲಿ ಬಣ್ಣ ಇಳಿಯುತ್ತದೆ, ಹುಳ ಬೀಳುತ್ತದೆ. ಬ್ಯಾಡಗಿ ಸುತ್ತಮುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ. ಪ್ರಮಾಣ ಕಡಿಮೆಯಿದ್ದರೆ ಇಬ್ಬರು ಮೂವರು ಸೇರಿ ಇಡಿ, ಬಾಡಿಗೆಯನ್ನೂ ಕೆಜಿ ಲೆಕ್ಕಕ್ಕೆ ಸೇರಿಸಿ. ಶೇಂಗಾ, ಅಗಸೆಗೆ ಮಾತ್ರ ಈ ದಾರಿ ಬೇಡ. ಎಣ್ಣೆ ಅಂಶ ಜಾಸ್ತಿ, ಬೇಗ ಕಮಟು ವಾಸನೆ ಬರುತ್ತದೆ. ರೇಟು ಕಡಿಮೆ ಅಂತ ಮೂಟೆಗಟ್ಟಲೆ ತಂದಿಡಬೇಡಿ. ತಿಂಗಳಿಗೆ ಬೇಕಾದಷ್ಟೇ ತನ್ನಿ.

ತಿಂಗಳಿಗೊಮ್ಮೆ ಪ್ರತಿ ಐಟಂನ ಅಸಲು ಹೊಸದಾಗಿ ಲೆಕ್ಕ ಹಾಕಿ. ಹುರಿದಾಗ ಇಳಿಯುವ ತೂಕ, ಗ್ಯಾಸ್, ಪ್ಯಾಕೆಟ್, ಲೇಬಲ್, ಪಾರ್ಸಲ್, ಕೂಲಿ ಎಲ್ಲ ಬರಬೇಕು.

ಟೈಲರಿಂಗ್ ಅಂಗಡಿ, ಮೈಸೂರು: ಮೇಲಿನವರು ಹೇಳಿದ ವಾರದ ಪುಟ ನನಗೂ ಇಷ್ಟವಾಯಿತು. ನಾನು ಇನ್ನೊಂದನ್ನು ಸೇರಿಸುತ್ತೇನೆ, ಗೋಡೆ ಕ್ಯಾಲೆಂಡರ್. ಯುಗಾದಿಗೆ ಪಂಚಾಂಗ ಇಟ್ಟುಕೊಂಡು ಇಡೀ ವರ್ಷದ ಮುಹೂರ್ತ, ಹಬ್ಬ ಗುರುತು ಹಾಕಿಕೊಳ್ಳುತ್ತೇನೆ. ಮೇ, ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್. ಆಷಾಢದಲ್ಲಿ ಮದುವೆ ಇಲ್ಲ, ರವಿಕೆ ಕೆಲಸ ಕಡಿಮೆ. ಮಷಿನ್ ಸರ್ವಿಸ್, ಹೊಸ ಹುಡುಗಿಯರಿಗೆ ಕಲಿಸೋದು ಎಲ್ಲ ಆಗಲೇ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯಿಂದ ದಸರಾವರೆಗೆ ತಲೆ ಎತ್ತೋಕಾಗಲ್ಲ.

ಹೋದ ವರ್ಷದ ಲೆಕ್ಕಕ್ಕೆ ಹೋಲಿಸುವಾಗ ಒಂದು ಎಚ್ಚರ ಬೇಕು. 2025ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 27ಕ್ಕೆ. 2026ರಲ್ಲಿ ಜ್ಯೇಷ್ಠ ಅಧಿಕ ಮಾಸ ಇರೋದರಿಂದ ಸೆಪ್ಟೆಂಬರ್ 14ಕ್ಕೆ. ಸುಮ್ನೆ ಆಗಸ್ಟ್‌ಗೆ ಆಗಸ್ಟ್ ಹೋಲಿಸಿದರೆ ವ್ಯಾಪಾರ ಬಿದ್ದುಹೋಯಿತು ಅಂತ ಗಾಬರಿಯಾಗುತ್ತದೆ. ಹಬ್ಬಕ್ಕೆ ಹಬ್ಬ ಹೋಲಿಸಿ. ನಿಮ್ಮದು ತಿನ್ನುವ ವಸ್ತು, ನಿಮಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತದಲ್ಲ, ಆ ತಿಂಗಳುಗಳಿಗೆ ಪ್ಯಾಕಿಂಗ್ ಬೇರೆ ಇರಲಿ ಅಂತ ಕ್ಯಾಲೆಂಡರ್‌ನಲ್ಲೇ ಬರೆದಿಡಿ.

ಬಿಡಿಭಾಗ ತಯಾರಿಸುವ ಸಣ್ಣ ಘಟಕ, ಪೀಣ್ಯ: ನನ್ನ ಅಭ್ಯಾಸ ಒಂದೇ. ಪ್ರತಿ ಶುಕ್ರವಾರ ಬಾಕಿ ಪಟ್ಟಿ. ಯಾರು, ಎಷ್ಟು, ಬಿಲ್ ಕೊಟ್ಟು ಎಷ್ಟು ದಿನ ಆಯಿತು. 30 ದಿನ ದಾಟಿದವರಿಗೆ ಅವತ್ತೇ ಫೋನ್. ಕೇಳೋಕೆ ಸಂಕೋಚ ಪಡಬೇಡಿ ಮೇಡಂ, ಅದು ನಿಮ್ಮ ದುಡಿಮೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರದ ನೋಂದಣಿ, ಇನ್ನೂ ಮಾಡಿಸಿಲ್ಲವಾದರೆ ಮೊದಲು ಮಾಡಿಸಿ. ಆನ್‌ಲೈನ್‌ನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ನಿಮ್ಮಂಥ ತಯಾರಕರಿಗೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ರಕ್ಷಣೆ ಇದೆ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಳ್ಳುವವರು ಹಣ ಕೊಡಬೇಕು. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿಸಿ. ದೊಡ್ಡ ಅಂಗಡಿಯವರ ಆಡಿಟರ್‌ಗಳು ಅದನ್ನು ಗಮನಿಸುತ್ತಾರೆ.

ಪುಣೆ ಪಾರ್ಸಲ್ ಬಗ್ಗೆ ಒಂದು ಮಾತು. ತೆರಿಗೆ ಬೀಳುವ ಸಾಮಾನನ್ನು ರಾಜ್ಯದ ಹೊರಗೆ ಮಾರಿದರೆ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ ಅನ್ನುವ ಮಿತಿ ಅಲ್ಲಿ ನಡೆಯಲ್ಲ. ಚಟ್ನಿ ಪುಡಿಗೆ ಇದು ಅನ್ವಯಿಸುತ್ತದೆ. ಇದೇ ವಾರ ಆಡಿಟರ್ ಹತ್ರ ಮಾತಾಡಿ. ನೋಂದಣಿ ಆದಮೇಲೆ, ತಿಂಗಳ ರಿಟರ್ನ್ ಆರಿಸಿಕೊಂಡರೆ ಅದನ್ನು ಸಲ್ಲಿಸುವ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಕು ಕ್ಯಾಲೆಂಡರ್‌ನಲ್ಲಿ ಕೆಂಪು ಇಂಕಿನಲ್ಲಿರಲಿ.

ರುಡ್‌ಸೆಟ್‌ನಲ್ಲಿ (ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿ ಪಡೆದವರು, ಬೆಳ್ತಂಗಡಿ: ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಅಕ್ಕ, ನಿಮ್ಮ ಸಂಬಳ ಎಷ್ಟು ಅಂತ ಯಾರೂ ಕೇಳಲಿಲ್ಲ. ಮೂವರಿಗೆ ಕೂಲಿ ಕೊಡುತ್ತೀರಿ, ನಿಮಗೂ ಒಂದು ಮೊತ್ತ ಗೊತ್ತು ಮಾಡಿ. ತಿಂಗಳ ಮೊದಲ ದಿನ ವ್ಯಾಪಾರದ ಖಾತೆಯಿಂದ ಮನೆ ಖಾತೆಗೆ ಹಾಕಿಬಿಡಿ. ಮಕ್ಕಳ ಫೀಸು, ಹಾಲಿನ ಬಿಲ್ಲು ಎಲ್ಲ ಅದರಿಂದಲೇ. ಗಲ್ಲಾಪೆಟ್ಟಿಗೆಯಿಂದ ತರಕಾರಿಗೆ ಅಂತ ತೆಗೆಯುವುದು ನಿಂತರೆ ನಿಜವಾದ ಲಾಭ ತಾನಾಗಿ ಕಾಣುತ್ತದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಈಗ ಬ್ಯಾಂಕುಗಳು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರ ನಡೆಸುತ್ತಿವೆ. ಊಟ, ವಸತಿ ಸೇರಿ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ. ಲೆಕ್ಕ ಬರೆಯುವುದನ್ನು ಕೂರಿಸಿಕೊಂಡು ಕಲಿಸುತ್ತಾರೆ, ನಿಮ್ಮ ಹುಡುಗಿಯರಲ್ಲಿ ಒಬ್ಬರನ್ನು ಕಳಿಸಿ.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಅನುಮಾನ. ರೊಟ್ಟಿ ಆರ್ಡರ್ ಕೆಲವೊಮ್ಮೆ ಬಿಟ್ಟುಹೋಗುತ್ತವೆ. ಇನ್ನೊಬ್ಬರನ್ನು ಸೇರಿಸಿಕೊಳ್ಳಲೋ, ಮಷಿನ್ ತಗೊಳ್ಳಲೋ?

ಮಸಾಲೆ ಪುಡಿ ತಯಾರಿಕೆ, ದಾವಣಗೆರೆ: ಈಗಲೇ ತೀರ್ಮಾನ ಮಾಡಬೇಡಿ. ಎಡಗಡೆ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿ: ಆಗಲ್ಲ ಅಂತ ಹೇಳಿದ ಆರ್ಡರ್‌ಗಳು, ಎಷ್ಟು ರೊಟ್ಟಿ, ಯಾವ ದಿನ. ಎರಡು ತಿಂಗಳು ಬರೆಯಿರಿ. ಹಬ್ಬ, ಮದುವೆ ವಾರದಲ್ಲಿ ಮಾತ್ರ ಬಿಟ್ಟುಹೋಗುತ್ತಿದ್ದರೆ ಆ ವಾರಕ್ಕಷ್ಟೇ ದಿನಗೂಲಿಗೆ ಕರೆಯಿರಿ. ಪ್ರತಿ ವಾರವೂ ಹೋಗುತ್ತಿದ್ದರೆ ಒಬ್ಬರನ್ನು ಖಾಯಂ ಸೇರಿಸಿಕೊಳ್ಳಿ. ಮಷಿನ್ ತಗೊಳ್ಳುವ ಮೊದಲು ಕೈಯಲ್ಲಿ ಬಡಿದ ರೊಟ್ಟಿ ಅಂತಲೇ ನಿಮ್ಮ ಹತ್ರ ಬರುವವರು ಎಷ್ಟು ಜನ ಅಂತ ಅಂಗಡಿಯವರನ್ನು ಕೇಳಿ ನೋಡಿ.