ಅಪ್‌ಡೇಟ್: ಮನೆ ಒಡೆದ ಡೆಬ್ರಿಸ್ ಕೊನೆಗೂ ಖಾಲಿ ಆಯ್ತು

ಹೋದ ತಿಂಗಳು ಕೇಳಿದ್ನಲ್ಲ, ಬೆಂಗಳೂರಲ್ಲಿ ಎರಡು ಬಾತ್‌ರೂಮ್, ಒಂದು ಅಡುಗೆಮನೆ ಗೋಡೆ ಒಡೆಸಿದೀನಿ, ಡೆಬ್ರಿಸ್ ಎಲ್ಲಿ ಹಾಕೋದು, ಅಮೆರಿಕಾದಲ್ಲಿರೋ ಭಾವ ಹೇಳೋ ಥರ ಡಂಪ್‌ಸ್ಟರ್ (ಕಸ ತುಂಬೋ ದೊಡ್ಡ ಕಬ್ಬಿಣದ ಡಬ್ಬ) ಬಾಡಿಗೆಗೆ ಸಿಗುತ್ತಾ ಅಂತ. ನಮ್ ರೋಡಲ್ಲಿ ಆ ಡಬ್ಬ ಇಟ್ರೆ ಆಟೋ ಕೂಡ ನುಗ್ಗಲ್ಲ, ಅದನ್ನ ಬಿಟ್ಟೆ.

ಮೊದಲು ಬಂದ ಟ್ರಾಕ್ಟರ್‌ನವ್ರು ಲೋಡಿಗೆ 1,800 ಅಂದ್ರು, ಎಲ್ಲಿ ಹಾಕ್ತೀರ ಅಂದ್ರೆ "ನಿಮಗ್ಯಾಕೆ ಸಾರ್ ಅದೆಲ್ಲ" ಅಂತ ನಕ್ರು. ಗೊತ್ತಾಯ್ತು ಬಿಡಿ, ಯಾವ್ದೋ ಕೆರೆ ಅಂಚಿಗೆ. ಬೇಡ ಅಂದೆ. ಆಮೇಲೆ ನೀವೊಬ್ರು ಹೇಳಿದ ಹಾಗೆ ಚಿಕ್ಕಜಾಲದಲ್ಲಿ ಡೆಬ್ರಿಸ್ ಪುಡಿ ಮಾಡಿ ಮರುಬಳಕೆ ಮಾಡೋ ಪ್ಲಾಂಟ್‌ಗೆ ಹೊಡೆಯೋ ಟಿಪ್ಪರ್‌ನವ್ರನ್ನ ಹಿಡಿದೆ, ದುಡ್ಡು ಜಾಸ್ತಿನೇ ಆಯ್ತು, ಆದ್ರೆ ತೂಕದ ಚೀಟಿ ತಂದು ಕೈಗೆ ಕೊಟ್ರು.

ನಾನು ಮಾಡಿದ ದಡ್ಡತನ ಅಂದ್ರೆ ಇಟ್ಟಿಗೆ, ಟೈಲ್ಸ್, ಪ್ಲೈವುಡ್, ಹಳೇ ಪೈಪು ಎಲ್ಲ ಒಟ್ಟಿಗೆ ಸಿಮೆಂಟ್ ಚೀಲಕ್ಕೆ ತುಂಬಿಸಿದ್ದು. ಮಿಕ್ಸ್ ಇದ್ರೆ ತಗೊಳ್ಳಲ್ಲ ಅಂತ ಟಿಪ್ಪರ್‌ನವ್ರು ಅಂದ್ರು ಅಂತ ನಾನೂ ಮೇಸ್ತ್ರಿನೂ ಅರ್ಧ ದಿನ ಮತ್ತೆ ಚೀಲ ಸುರಿದು ಬೇರೆ ಮಾಡಿದ್ವಿ, ಒಂದ್ ಚೀಲದಲ್ಲಿ ಅಮ್ಮ ಹುಡುಕ್ತಿದ್ದ ಹಿತ್ತಾಳೆ ನಲ್ಲಿ ಸಿಕ್ತು! ಪೈಪು, ಕಬ್ಬಿಣ ಗುಜರಿಯವ್ರು ತಗೊಂಡು 640 ಕೊಟ್ರು.

ಯಾರೋ ನಿಯಮ ಕೇಳಿದ್ರಿ. ಕಟ್ಟಡ ಕಟ್ಟೋ, ಒಡೆಯೋ ತ್ಯಾಜ್ಯದ 2016ರ ಕೇಂದ್ರ ರೂಲ್ಸ್ ಪ್ರಕಾರ ದಿನಕ್ಕೆ 20 ಟನ್ ಅಥವಾ ಒಂದು ಪ್ರಾಜೆಕ್ಟಿಗೆ ತಿಂಗಳಿಗೆ 300 ಟನ್ ಮೀರಿದೋರು ತ್ಯಾಜ್ಯ ಏನ್ ಮಾಡ್ತೀವಿ ಅನ್ನೋ ಪ್ಲಾನ್‌ನ ಮೊದ್ಲೇ ಪಾಲಿಕೆಗೆ ಕೊಡ್ಬೇಕಿತ್ತು, ನಮ್ದು ಅಷ್ಟಿಲ್ಲ, ಆದ್ರೂ ರೋಡಿಗೆ, ಮೋರಿಗೆ ಸುರಿಯೋ ಹಾಗಿಲ್ಲ.

ಪಕ್ಕದ ಮನೆ ಆಂಟಿ ಗೇಟ್ ಮುಂದೆ ಇನ್ನೂ ಒಂಚೂರು ಜಲ್ಲಿ ಉಳಿದಿದೆ, ಸಂಜೆ ಗುಡಿಸ್ಬೇಕು.