ಚಿಲ್ಲರೆಯಲ್ಲಿ ಬಂದ ನವಿಲಿನ ನೋಟು

ಪುಟ್ಟಿ, ಅತ್ತೆ ಕಣೇ. ಟೈಪ್ ಮಾಡೋಣ ಅಂದ್ರೆ ಕನ್ನಡಕ ಎಲ್ಲಿಟ್ಟೆನೋ ಸಿಗ್ತಿಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದೀನಿ. ಮಧ್ಯೆ ಕುಕ್ಕರ್ ಕೂಗತ್ತೆ, ಗಾಬರಿಯಾಗ್ಬೇಡ.

ಹೂವಿನಮ್ಮ ವಾಪಸ್ ಕೊಟ್ಟ ಚಿಲ್ಲರೇಲಿ ನವಿಲಿನ ಹತ್ತು ರೂಪಾಯಿ ಬಂತು, ನಂಬರ್ ಕೊನೇಲಿ 786 ಇದೆ, ದೊಡ್ಡಪ್ಪ ಗುಂಪಿಗೆ ಹಾಕಿದ್ ಲಿಂಕಲ್ಲಿ ಇಂಥದಕ್ಕೆ ಐದು ಲಕ್ಷ ಅಂತಿದೆ, ನಿಜಾನಾ ಅಂತ ಕೇಳಿದ್ಯಲ್ಲ. ಅಣ್ಣ, ನೀನೂ ಕೇಳಿಸ್ಕೊಳ್ತಿದ್ರೆ ಬೇಜಾರ್ ಮಾಡ್ಕೋಬೇಡ. ಸುಳ್ಳು ಕಣೋ ಅದು.

ಮೂವತ್ತು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಲ್ಲಿ ಕೂತು ಬೆರಳು ಸವೆಸ್ಕೊಂಡೋಳು ನಾನು. ಲೆಕ್ಕ ಹಾಕಿ ನೋಡಿ. ನಂಬರು ಸಾಲಾಗಿ ಬರೋ ಸಾವಿರ ನೋಟು ತಗೊಂಡ್ರೆ ಅದ್ರಲ್ಲಿ ಒಂದರ ಕೊನೇಲಿ 786 ಇರಲೇಬೇಕು. ಅಂದ್ರೆ ನೂರು ನೋಟಿನ ಕಂತೆ ಹತ್ತು ಬಿಚ್ಚಿದ್ರೆ ಒಂದು. ನಮ್ಮ ಕೈಲಿ ದಿನಕ್ಕೆ ಎಷ್ಟು ಕಂತೆ ಓಡಾಡ್ತಿದ್ವು! ಮುಸಲ್ಮಾನರಿಗೆ ಅದು ಶುಭದ ಸಂಖ್ಯೆ. ಕೌಂಟರಿಗೆ ಬಂದು ಕೇಳಿ ಇಸ್ಕೊಂಡು ಹೋಗೋರು, ನಾನೂ ಎತ್ತಿಟ್ಟು ಕೊಟ್ಟಿದೀನಿ. ಹತ್ತಕ್ಕೆ ಹತ್ತೇ ಕೊಡೋರು.

ನೀನು ನೋಡ್ಬೇಕಾಗಿದ್ದು ನಂಬರ್ ಅಲ್ಲ, ಸಹಿ. ಫೋಟೋ ದೊಡ್ಡದ್ ಮಾಡಿ ನೋಡ್ದೆ, ಮನಮೋಹನ್ ಸಿಂಗ್ ಸಹಿ ಅದು! ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದು 1982ರಿಂದ 1985ರ ಜನವರಿವರೆಗೆ. ಹಂಗಾಗಿ ನಿನ್ನ ನೋಟಿಗೆ ನಿನಗಿಂತ ಹೆಚ್ಚು ವಯಸ್ಸಾಗಿದೆ. ಹಿಂದುಗಡೆ ಇಸವಿ ಹುಡುಕ್ಬೇಡ, 2005ಕ್ಕಿಂತ ಮುಂಚಿನ ರಿಸರ್ವ್ ಬ್ಯಾಂಕ್ ನೋಟಲ್ಲಿ ಇಸವಿ ಇರಲ್ಲ. ಸಹೀನೇ ಅದರ ಜಾತಕ. ಗಾಂಧೀಜಿ ಬದಲು ಅಶೋಕ ಸ್ತಂಭದ ಸಿಂಹ ಇದ್ರೆ ಹಳೇದು ಅಂತ ದೂರದಿಂದ್ಲೇ ಗೊತ್ತಾಗತ್ತೆ, ಗಾಂಧಿ ಸರಣಿ ಶುರುವಾಗಿದ್ದು 1996ರಲ್ಲಿ. ಅದೇ ವರ್ಷ ನಮ್ಮ ಮೈಸೂರಿನ ನೋಟಿನ ಪ್ರೆಸ್ಸೂ ಶುರುವಾಯ್ತು.

ಇನ್ನು ನಂಬರ್ ಮಧ್ಯೆ ನಕ್ಷತ್ರ ಇರೋ ನೋಟು ಖೋಟಾ ಅಂತ ಯಾರೋ ಹಾಕಿದ್ರಲ್ಲ, ಅದೂ ತಪ್ಪು. ಅಚ್ಚಾಗುವಾಗ ಕೆಟ್ಟ ನೋಟಿನ ಜಾಗಕ್ಕೆ ಹಾಕೋದು ಅದನ್ನ, 2006ರಿಂದ ಬಂದಿದ್ದು. 2023ರಲ್ಲಿ ರಿಸರ್ವ್ ಬ್ಯಾಂಕೇ ಅದು ಚಲಾವಣೆಯ ನೋಟು ಅಂತ ಹೇಳ್ತು.

ಈಗ ಬೆಲೆ ವಿಷಯ. ನವಿಲಿನ ನೋಟು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ. ಸಂಗ್ರಹ ಮಾಡೋರು ಮೊದಲು ನೋಡೋದು ನೋಟು ಗರಿಗರಿಯಾಗಿದ್ಯಾ ಅಂತ. ನಿಂದು ನಾಲ್ಕು ಮಡಿಕೆ ಆಗಿದೆ, ಬಿಳೀ ಜಾಗದಲ್ಲಿ ಎರಡು ತೂತೂ ಇದೆ. ಇಲಿ ಕಡಿದಿದ್ದಲ್ಲ ಅದು, ನಮ್ಮಂಥೋರು ಮಾಡಿದ್ದು! ಆಗೆಲ್ಲ ಕಂತೆಗೆ ದಪ್ಪ ಪಿನ್ ಹೊಡೀತಿದ್ವಿ, ಕೀಳೋಕೆ ಹೋದ್ರೆ ಉಗುರು ಕಿತ್ತು ಬರೋದು. 2001ರಲ್ಲಿ ರಿಸರ್ವ್ ಬ್ಯಾಂಕ್ ಪಿನ್ ಹೊಡೀಬೇಡಿ, ಕಾಗದದ ಪಟ್ಟಿ ಸುತ್ತಿ ಅಂತ ಆದೇಶ ಮಾಡಿದ್ಮೇಲೆ ನಮ್ಮ ಬೆರಳು ಉಳೀತು. ಒಟ್ನಲ್ಲಿ ನಿನ್ನ ನೋಟನ್ನ ಮಾರಿದ್ರೆ ಒಂದು ಮಸಾಲೆ ದೋಸೆ, ಕಾಫಿ. ಅದಕ್ಕಿಂತ ಹೆಚ್ಚು ಆಸೆ ಇಟ್ಕೋಬೇಡ.

ಆ ಲಿಂಕಿಗೆ ಮಾತ್ರ ಫೋನ್ ನಂಬರ್ ಕೊಡ್ಬೇಡ್ವೇ ತಾಯಿ. ನಮ್ಮ ಪಕ್ಕದ ಮನೆಯವರು ಹಿಂಗೇ ಟ್ರ್ಯಾಕ್ಟರಿನ ಐದು ರೂಪಾಯಿ ಹಿಡ್ಕೊಂಡು ಫೋನ್ ಮಾಡಿದ್ರು. ಮೊದ್ಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್. ಕೊನೆಗೆ ಆ ಕಡೆಯೋನು ಫೋನೇ ಎತ್ತಲಿಲ್ಲ. ನಮ್ಮ ಹೆಸರು ಹೇಳ್ಕೊಂಡು ಹಳೇ ನೋಟಿನ ವ್ಯಾಪಾರದಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಕೊಳ್ಳೋನು ದುಡ್ಡು ಕೊಡ್ಬೇಕೋ, ಮಾರೋನು ಕೊಡ್ಬೇಕೋ, ನೀನೇ ಹೇಳು.

ಅಯ್ಯೋ, ಎರಡನೇ ಕೂಗು. ಬೇಗ ಹೇಳ್ತೀನಿ. ನೋಟಿಗೆ ಇಸ್ತ್ರಿ ಹಾಕ್ಬೇಡ, ಲ್ಯಾಮಿನೇಶನ್ ಬೇಡ್ವೇ ಬೇಡ. ದೇವರ ಮನೇಲೂ ಇಡ್ಬೇಡ, ಕುಂಕುಮ ತಾಗಿದ್ರೆ ಮುಗೀತು. ದಪ್ಪ ಪುಸ್ತಕದ ಮಧ್ಯೆ ಬಿಳೀ ಹಾಳೆ ಹಾಕಿ ಇಡು. ಇಷ್ಟೆಲ್ಲ ಯಾಕೆ ಅಂತೀಯಾ? ನನ್ನ ಹತ್ರ ಅದರ ಜೋಡಿ ಇದೆ.

ನನ್ನ ಮದುವೇಲಿ ಮುಯ್ಯಿ ಮಾಡಿದೋರೆಲ್ಲ ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು ಅಂತ ಕೊಟ್ರು. ಆ ಮೇಲಿನ ಒಂದೊಂದು ರೂಪಾಯಿ ನೋಟನ್ನೆಲ್ಲ ಅಮ್ಮ ಬೇರೆ ಮಾಡಿ ನನ್ನ ಟ್ರಂಕಿಗೆ ಹಾಕಿದ್ಲು. ಖರ್ಚಾಗಿ ಈಗ ಏಳು ಉಳಿದಿವೆ, ಅದ್ರಲ್ಲೊಂದಕ್ಕೆ ಮನಮೋಹನ್ ಸಿಂಗ್ ಸಹಿ. ಆದ್ರೆ ಗವರ್ನರ್ ಅಂತ ಅಲ್ಲ! ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿಂದಲ್ಲ, ಭಾರತ ಸರ್ಕಾರದ್ದು. ಅದಕ್ಕೆ ಸಹಿ ಹಾಕೋದು ಹಣಕಾಸು ಕಾರ್ಯದರ್ಶಿ. 1976ರಿಂದ 1980ರವರೆಗೆ ಆ ಕುರ್ಚೀಲಿ ಅವರೇ ಇದ್ದಿದ್ದು. ನಿನ್ನ ಹತ್ತು, ನನ್ನ ಒಂದು ಪಕ್ಕಪಕ್ಕ ಇಟ್ರೆ ಒಬ್ಬರದೇ ಸಹಿ, ಎರಡು ಹುದ್ದೆ. ನೀನು ಹುಟ್ಟೋ ಹೊತ್ತಿಗೆ ಅವರು ಪ್ರಧಾನಮಂತ್ರಿ!

ಭಾನುವಾರ ಬರುವಾಗ ನೋಟು ತಗೊಂಡ್ ಬಾ, ನನ್ನ ಒಂದು ರೂಪಾಯೀನ ನಿನಗೇ ಕೊಡ್ತೀನಿ. ಹನ್ನೊಂದು ಆಯ್ತಲ್ಲ, ಮುಯ್ಯಿ ಅಂದ್ಕೋ. ಅಷ್ಟರೊಳಗೆ ಆತುರ ಬಿದ್ದು ಅದನ್ನ ಕರಿಬೇವಿಗೆ ಕೊಟ್ಟುಬಿಟ್ಟೀಯ... ಮೂರು ಕೂಗಿತು, ಇಡ್ತೀನಿ.