ಮಂಡಿ ನೋವಿನ ಅತ್ತೆ, ಇಬ್ಬರು ಮಕ್ಕಳು, ಒಂದೇ ದಿನ: ಚಿತ್ರದುರ್ಗದಲ್ಲಿ ಏನೇನು ನೋಡಬಹುದು?

ಕೇಳಿದವರು, ದಾವಣಗೆರೆ

ಮುಂದಿನ ಭಾನುವಾರ ಮನೆಮಂದಿಯೆಲ್ಲ ಚಿತ್ರದುರ್ಗಕ್ಕೆ ಹೋಗಿ ರಾತ್ರಿ ಊಟದ ಹೊತ್ತಿಗೆ ವಾಪಸ್ ಬರಬೇಕು ಅಂತ ಮಾಡಿದ್ದೇವೆ. 4 ಮತ್ತು 9 ವರ್ಷದ ಮಕ್ಕಳಿದ್ದಾರೆ. ಅತ್ತೆಗೆ ಮಂಡಿ ನೋವು, ಆದರೆ ಕೋಟೆ ನೋಡಬೇಕು ಅನ್ನೋ ಆಸೆ ಅವರಿಗೇ ಜಾಸ್ತಿ. ಅವರನ್ನು ಕಾರಲ್ಲೇ ಕೂರಿಸಿ ನಾವು ಹತ್ತಿ ಬರೋದು ನನಗೆ ಇಷ್ಟ ಇಲ್ಲ. ಕೋಟೆ, ಚಂದ್ರವಳ್ಳಿ ಎರಡೂ ಆಗುತ್ತಾ? ಹೋಗಿ ಬಂದವರು ಹೇಳಿ.

ಉತ್ತರ, ಚಿತ್ರದುರ್ಗದಿಂದ

ಎರಡೂ ಆಗುತ್ತೆ ಅಕ್ಕ. ಆದರೆ ಕೋಟೆಯನ್ನು ಪೂರ್ತಿ ನೋಡ್ತೀವಿ ಅಂತ ಹೊರಡಬೇಡಿ. ಅದು ಏಳು ಸುತ್ತಿನ ಕೋಟೆ. ಗಟ್ಟಿ ಕಾಲಿನವರಿಗೂ ಒಂದು ದಿನಕ್ಕೆ ಮುಗಿಯಲ್ಲ. ನಿಮ್ಮ ಅತ್ತೆ ಎಲ್ಲಿವರೆಗೆ ಆರಾಮಾಗಿ ಬರಬಲ್ಲರೋ ಅಲ್ಲಿವರೆಗೆ ಎಲ್ಲರೂ ಜೊತೆಗೆ ಹೋಗಿ. ಅದರಿಂದಾಚೆಗೆ ಒಂಬತ್ತು ವರ್ಷದವರನ್ನು ಕರೆದುಕೊಂಡು ಒಬ್ಬರು ಹೋಗಲಿ, ಇನ್ನೊಬ್ಬರು ಅತ್ತೆ ಜೊತೆ ಇರಲಿ.

ಬೆಳಿಗ್ಗೆ ಮೊದಲು ಕೋಟೆಗೇ ಬನ್ನಿ. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಅಷ್ಟೆ, ಬೇಗ ಹೊರಟರೆ ಬಿಸಿಲು ಏರುವ ಮುಂಚೆ ಒಳಗಿರ್ತೀರಿ. ಇಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು, ಸುತ್ತ ಬರೀ ಬಂಡೆ. ಹನ್ನೊಂದು ದಾಟಿದರೆ ಮೇಲಿನ ಬಿಸಿಲಿಗಿಂತ ಕೆಳಗಿನ ಕಾವೇ ಜೋರು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಮೊದಲ ಕೆಲವು ಬಾಗಿಲುಗಳ ದಾರಿ ಏರು ಇದೆ, ಆದರೆ ಕಲ್ಲು ಹಾಸಿದ ಅಗಲ ದಾರಿ. ಕೈ ಹಿಡಿದು ನಿಧಾನಕ್ಕೆ ನಡೆಸಬಹುದು. ಒಂದು ಬಾಗಿಲು ದಾಟಿದರೆ ಮುಂದಿನದು ನೇರಕ್ಕೆ ಕಾಣಿಸಲ್ಲ, ದಾರಿ ತಿರುಗಿಕೊಂಡೇ ಹೋಗುತ್ತೆ. ಶತ್ರುವಿನ ಆನೆ ಓಡಿ ಬಂದು ಬಾಗಿಲಿಗೆ ಗುದ್ದದ ಹಾಗೆ ಕಟ್ಟಿದ್ದು ಅದು. ಇದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ, ಮುಂದಿನ ಬಾಗಿಲನ್ನು ಅವರೇ ಹುಡುಕಿಕೊಂಡು ಹೋಗ್ತಾರೆ. ಬಂಡೆಗಳ ಮೇಲೆ ಒಂದೇ ಸಾಲಿಗೆ ಸಣ್ಣ ಸಣ್ಣ ಚೌಕದ ಗುಳಿಗಳು ಕಾಣುತ್ತವೆ. ಬಂಡೆ ಸೀಳೋಕೆ ಉಳಿಯಲ್ಲಿ ಕೊರೆದದ್ದು. ಕೆಲವು ಕಡೆ ಅರ್ಧ ಸೀಳಿ ಹಾಗೇ ಬಿಟ್ಟಿದ್ದಾರೆ. ಬೆರಳು ಇಟ್ಟು ನೋಡೋಕೆ ಹೇಳಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಅದೇ ನೆನಪಿರುತ್ತೆ.

ದಾರಿಯಲ್ಲೇ ಕೋವಿ ಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ಕೆಳಗೆ ಹಳ್ಳದಂಥ ಜಾಗದಲ್ಲಿ ನಾಲ್ಕು ಭಾರಿ ಕಲ್ಲುಗಳಿವೆ. ಮುಂದೆ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಉಯ್ಯಾಲೆ ಕಂಬ. ಗುಡಿಗಳ ಹತ್ತಿರ ನೆರಳಿದೆ, ಕೂರಬಹುದು. ನನ್ನ ಲೆಕ್ಕದಲ್ಲಿ ನಿಮ್ಮ ಅತ್ತೆಗೆ ಇಷ್ಟು ಸಾಕು. ಹಿಡಿಂಬೇಶ್ವರಕ್ಕೆ ಮೆಟ್ಟಿಲಿದೆ, ಅದನ್ನು ಅವರ ಇಷ್ಟಕ್ಕೆ ಬಿಡಿ. ಎದುರಿನ ತುಪ್ಪದ ಕೊಳದ ಬತೇರಿಗೆ (ಎತ್ತರದ ಕಾವಲು ಬುರುಜು) ಮಾತ್ರ ಸಣ್ಣವರನ್ನು ಹತ್ತಿಸಬೇಡಿ. ಕಡಿದಾದ ಬಂಡೆ, ಕಾಲಿಡೋಕೆ ಕೊರೆದ ಗುಳಿ ಬಿಟ್ಟರೆ ಬೇರೆ ಆಸರೆ ಇಲ್ಲ. ಮಳೆ ಬಂದಿದ್ದರೆ ದೊಡ್ಡವರೂ ಬೇಡ.

ಉತ್ತರ, ದಾವಣಗೆರೆಯ ಮೇಷ್ಟ್ರೊಬ್ಬರಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಒಂಬತ್ತು ವರ್ಷದ ಮಗುವಿಗೆ ಒನಕೆ ಓಬವ್ವನ ಕಿಂಡಿ ತೋರಿಸದೆ ಕರೆದುಕೊಂಡು ಬರಬೇಡಿ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋದಾಗೆಲ್ಲ ನೋಡಿದ್ದೇನೆ, ಅಲ್ಲಿಗೆ ಬಂದ ಕೂಡಲೇ ಗಲಾಟೆ ನಿಂತು ಪ್ರಶ್ನೆ ಶುರುವಾಗುತ್ತೆ. ಎರಡು ಬಂಡೆ ನಡುವಿನ ಸಂದಿ. ಮೈ ಬಗ್ಗಿಸಿ, ತಲೆ ಮುಂದೆ ಮಾಡಿಯೇ ಈಚೆ ಬರಬೇಕು. ಒಂದು ಸಲ ಹಾಗೆ ನುಸುಳಿ ಬಂದ ಮಗುವಿಗೆ, ಒಬ್ಬಳೇ ಹೆಂಗಸು ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಹೇಗೆ ತಡೆದಳು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲೇ ತಣ್ಣೀರು ದೋಣಿ ಅನ್ನೋ ನೀರಿನ ತಾಣ. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಅಂತ ಬಂದವಳು ಶತ್ರುಗಳನ್ನು ಕಂಡಳು ಅನ್ನೋ ಕಥೆಯ ಜಾಗ. ಆಮೇಲೆ 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿ ದುರ್ಗದ ದೊರೆ ಮದಕರಿ ನಾಯಕರು ಸೆರೆಯಾದರು ಅನ್ನೋದನ್ನೂ ಹೇಳಿ. ಗೆದ್ದ ಕಥೆ ಮಾತ್ರ ಹೇಳಿ ನಿಲ್ಲಿಸಬಾರದು.

ಇನ್ನೊಂದು, ನೀರು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳ ಕಡೆಗೆ ಹರಿಯುವ ಹಾಗೆ ಮಾಡಿದ್ದರು. ನಮ್ಮದು ಮಳೆ ಕಡಿಮೆ ಇರೋ ಸೀಮೆ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ವ್ಯರ್ಥ ಮಾಡದೆ ಒಂದು ಸೈನ್ಯಕ್ಕೆ, ಒಂದು ಊರಿಗೆ ಕುಡಿಸಿದ್ದಾರೆ. ಕೋಟೆಯಲ್ಲಿ ನನಗೆ ಗೋಡೆಗಿಂತ ದೊಡ್ಡದು ಅನ್ನಿಸೋದು ಇದೇ. ಗೈಡ್ ಹೇಳದಿದ್ದರೆ ನೀವೇ ಕೇಳಿ.

ಉತ್ತರ, ಹೊಳಲ್ಕೆರೆಯಿಂದ

ಊಟದ ವಿಷಯ ಯಾರೂ ಹೇಳಿಲ್ಲ. ಕೋಟೆ ಒಳಗೆ ಕೋತಿಗಳಿವೆ. ಕೈಯಲ್ಲಿ ಕವರ್ ಕಂಡರೆ ಸಾಕು, ಬಂದು ಕಿತ್ತುಕೊಳ್ಳುತ್ತವೆ. ನಾಲ್ಕು ವರ್ಷದ ಮಗುವಿನ ಕೈಗೆ ಬಿಸ್ಕತ್ತು, ಬಾಳೆಹಣ್ಣು ಕೊಟ್ಟು ನಡೆಸಲೇಬೇಡಿ. ನೀರಿನ ಬಾಟಲಿ ಚೀಲದೊಳಗೆ ಇರಲಿ. ಬೆಳಿಗ್ಗೆ ಊರಲ್ಲಿ ಹೊಟ್ಟೆ ತುಂಬ ದೋಸೆ ತಿನ್ನಿಸಿ ಒಳಗೆ ಹೋಗಿ. ಚಿತ್ರಾನ್ನ, ಮೊಸರನ್ನದ ಬುತ್ತಿ ಕಾರಲ್ಲೇ ಇರಲಿ, ಕೆಳಗೆ ಬಂದ ಮೇಲೆ ಬಿಚ್ಚಿದರಾಯಿತು.

ಉತ್ತರ, ಚಿತ್ರದುರ್ಗದಿಂದ ಇನ್ನೊಬ್ಬರು

ಚಂದ್ರವಳ್ಳಿಯನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಊರಿಂದ ಹತ್ತಿರವೇ ಇದೆ. ಕೆರೆ, ಮರ, ಸುತ್ತ ಬೆಟ್ಟ. ಕೋಟೆ ಹತ್ತಿ ದಣಿದವರಿಗೆ ಅಲ್ಲಿ ಸುಮ್ನೆ ಕೂತರೂ ಹಿತ. ಅತ್ತೆಯವರಿಗೆ ಅದೇ ಹೆಚ್ಚು ಇಷ್ಟ ಆಗಬಹುದು.

ಅಲ್ಲಿನ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಕೆರೆಯ ವಿಷಯ ಹೇಳುವ ಶಾಸನ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ. ಕೋಟೆ ಕಟ್ಟಿದ ನಾಯಕರಿಗಿಂತ ಸಾವಿರ ವರ್ಷ ಹಿಂದಿನ ಮಾತು ಇದು. ಮಗ ನಾಣ್ಯ ಕೂಡಿಡುವವನಾದರೆ ಇದನ್ನು ಹೇಳಿ: ಪುರಾತತ್ವ ತಜ್ಞರಾದ ಎಂ.ಎಚ್. ಕೃಷ್ಣ ಅವರು 1929ರ ಹೊತ್ತಿಗೆ, ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮ್ ದೇಶದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ನಮ್ಮ ಚಂದ್ರವಳ್ಳಿಗೆ ಅಷ್ಟು ದೂರದ ವ್ಯಾಪಾರ ಇತ್ತು ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಅಲ್ಲೇ ಇರುವ ಅಂಕಲಿ ಮಠದ ಗವಿಗೆ ಎಲ್ಲರೂ ಇಳಿಯಬೇಡಿ. ಒಳಗೆ ಕಗ್ಗತ್ತಲು, ಮೆಟ್ಟಿಲು ಕಿರಿದು, ಬಾಗಿಲು ತಗ್ಗು. ಬ್ಯಾಟರಿ ಹಿಡಿದು ಕರೆದುಕೊಂಡು ಹೋಗುವವರು ಜೊತೆಗಿರಲೇಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾರಿ ಇದೆ, ಗೋಡೆ ಮೇಲೆ ಹಳೇ ಬಣ್ಣದ ಚೂರು ಉಳಿದಿದೆ. ದೊಡ್ಡ ಮಗುವಿಗೆ ಖುಷಿಯಾಗುತ್ತೆ, ಸಣ್ಣದು ಅಳುತ್ತೆ. ಉಸಿರಾಟದ ತೊಂದರೆ ಇರುವವರು ಬೇಡ.

ಉತ್ತರ, ಹಿರಿಯೂರಿನಿಂದ

ನಾನು ಸ್ವಲ್ಪ ಬೇರೆ ಹೇಳ್ತೀನಿ. ಸಣ್ಣ ಮಗು ಗವಿ ಹತ್ತಿರ ಹಟ ಮಾಡಿದರೆ, ಒಬ್ಬರು ಅದನ್ನೂ ಅತ್ತೆಯನ್ನೂ ಕರೆದುಕೊಂಡು ಆಡುಮಲ್ಲೇಶ್ವರಕ್ಕೆ ಹೋಗಿಬಿಡಿ. ಜೋಗಿಮಟ್ಟಿ ಕಾಡಿನ ಅಂಚಲ್ಲಿ ಚಿಕ್ಕ ಪ್ರಾಣಿ ಸಂಗ್ರಹಾಲಯ ಇದೆ, ಕರಡಿ, ಚಿರತೆ, ಜಿಂಕೆ ಕಾಣುತ್ತವೆ. ಹತ್ತೋದು ಇಳಿಯೋದು ಕಡಿಮೆ. ಎಲ್ಲ ಒಂದೇ ದಿನ ತುಂಬಿಸೋಕೆ ಹೋಗಿ ಜೋಗಿಮಟ್ಟಿ ತುದಿಗೂ ಹೊರಡಬೇಡಿ, ಅದು ಇನ್ನೊಂದು ಸಲಕ್ಕಿರಲಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಅತ್ತೆಗೆ ಓದಿ ಹೇಳಿದೆ. ಹಿಡಿಂಬೇಶ್ವರದ ಮೆಟ್ಟಿಲು ಹತ್ತೇ ಹತ್ತುತ್ತೀನಿ ಅಂತಿದ್ದಾರೆ. ಹಾಗಾದರೆ ಗವಿಗೆ ನಮ್ಮ ಯಜಮಾನರು, ಮಗ. ನಾನು, ಅತ್ತೆ, ಚಿಕ್ಕವಳು ಕೆರೆ ಹತ್ತಿರ. ಮೇಷ್ಟ್ರೇ, ಕಿಂಡಿಗೆ ಹೋಗಿ ಬರೋಕೆ ಗುಡಿ ಹತ್ತಿರದಿಂದ ಎಷ್ಟು ಹೊತ್ತು ಬೇಕು?

ಉತ್ತರ, ದಾವಣಗೆರೆಯ ಮೇಷ್ಟ್ರು

ಮಗುವಿನ ಜೊತೆ ಅಂದರೆ ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಅತ್ತೆಯವರ ಹತ್ತಿರ ನೀರು, ಟೋಪಿ ಬಿಟ್ಟು ಹೋಗಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಶೂ ಹಾಕಿಸಿ.